ಸಣ್ಣವರಿಲ್ಲದ ಟೇಬಲ್

ನಾನು ಕೆಲಸ ಮಾಡುವುದು ಹೊಸಪೇಟೆಯ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯಲ್ಲಿ. ಹುದ್ದೆ ದಾಖಲೆ ಸಹಾಯಕಿಯದು. ಆದರೆ ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ‘ಕಂಪ್ಯೂಟರ್ ಮೇಡಂ’ ಎಂದು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನಗೇ ಕರೆ, ಫ್ಯಾನು ತಿರುಗದಿದ್ದರೂ ನನಗೇ ಕರೆ. ಆ ಬಿರುದು ನನಗೆ ಎಷ್ಟು ಹಿಡಿಸಿತ್ತೆಂದರೆ, ಫ್ಯಾನಿನ ವಿಷಯ ನನಗೇನೂ ಗೊತ್ತಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಹೋಗಿ ಸ್ವಿಚ್ಚನ್ನು ಎರಡು ಸಲ ಒತ್ತಿ, ‘ವೈರಿಂಗ್ ಪ್ರಾಬ್ಲಮ್’ ಎಂದು ಗಂಭೀರವಾಗಿ ನುಡಿದು ಬರುತ್ತಿದ್ದೆ.

ನಮ್ಮ ಆಸ್ಪತ್ರೆಯವರು ಕಂಪ್ಲಿ, ಸಂಡೂರು ಮತ್ತು ಹಂಪಿ ಸುತ್ತಲಿನ ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ಮಾಡುತ್ತಾರೆ. ಪೊರೆ ಬಂದವರನ್ನು ಗುರುತಿಸಿ, ಹೆಸರು ಬರೆದುಕೊಂಡು, ಕೈಗೊಂದು ಚೀಟಿ ಕೊಟ್ಟು ಬರುತ್ತಾರೆ. ಸರದಿ ಬಂದಾಗ ಫೋನ್ ಮಾಡಿ, ವ್ಯಾನು ಕಳಿಸಿ, ಹೊಸಪೇಟೆಗೆ ಕರೆಸಿ ಆಪರೇಷನ್ ಮಾಡುತ್ತಾರೆ. ಮೊದಲು ಇದೆಲ್ಲ ರಿಜಿಸ್ಟರಿನಲ್ಲಿ ಇತ್ತು. ಕಂಪ್ಲಿಗೆ ಒಂದು ಪುಸ್ತಕ, ಸಂಡೂರಿಗೆ ಒಂದು, ಹಂಪಿ ಕಡೆಗೆ ಒಂದು.

ತೊಂದರೆ ಏನೆಂದರೆ, ನಾವು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ಜನ. ಮೂರು ಕಿಟಕಿ ಇದ್ದರೆ ಮೂರು ಟವೆಲ್. ಪಾಪಿನಾಯಕನಹಳ್ಳಿಯ ಒಬ್ಬ ಅಜ್ಜಿ ಮೂರೂ ಶಿಬಿರಕ್ಕೆ ಹೋಗಿ ಮೂರೂ ಪುಸ್ತಕದಲ್ಲಿ ಹೆಸರು ಬರೆಸಿದ್ದರು. ಯಾಕೆಂದು ಕೇಳಿದರೆ, "ಯಾವುದರಾಗ ಜಲ್ದಿ ಬರ್ತೈತೋ ಬರ್ಲಿ ಅಂತ್ರಿ" ಎಂದರು. ಆ ಅಜ್ಜಿಗೆ ಆಪರೇಷನ್ ಆಗಿ ಕಣ್ಣು ನೆಟ್ಟಗಾದ ಮೇಲೂ ಇನ್ನೆರಡು ಸಲ ನಮ್ಮ ವ್ಯಾನು ಅವರ ಮನೆ ಮುಂದೆ ಹೋಗಿ ನಿಂತಿತು. ಎರಡು ಹಾಸಿಗೆ ಖಾಲಿ ಉಳಿದವು. ಎರಡನೆಯ ಸಲ ಅಜ್ಜಿ ಡ್ರೈವರಿಗೆ ಚಹಾ ಕುಡಿಸಿ ಕಳಿಸಿದರಂತೆ.

ನಮ್ಮ ಹಿರಿಯ ಡಾಕ್ಟರಮ್ಮ ನನ್ನನ್ನು ಕರೆದರು. "ಒಬ್ಬರಿಗೆ ಒಂದ ಸಾಲು. ಎರಡನೇದು ಬರಂಗಿಲ್ಲ. ಏನ್ ಮಾಡ್ತೀರೋ ಮಾಡ್ರಿ" ಎಂದರು.

ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ಉಳಿದದ್ದನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತವಳಿಗೆ ಇದಕ್ಕಿಂತ ದೊಡ್ಡ ಸಂಭ್ರಮ ಬೇಕೇ? ಮೂರು ಪುಸ್ತಕಗಳನ್ನು ಸೇರಿಸಿ ಒಂದು ಡೇಟಾಬೇಸ್ ಮಾಡಿದೆ. ಅದರೊಳಗೆ ರೋಗಿಗಳ ಒಂದು ಟೇಬಲ್. ಟೇಬಲ್ ಎಂದರೆ ರಿಜಿಸ್ಟರಿನ ಹಾಳೆಯೇ, ಅಡ್ಡ ಸಾಲು, ಉದ್ದ ಕಾಲಂ. ಒಂದೇ ವ್ಯತ್ಯಾಸ: ರಿಜಿಸ್ಟರು ಬರೆದದ್ದನ್ನೆಲ್ಲ ಬರೆಸಿಕೊಳ್ಳುತ್ತದೆ, ಟೇಬಲ್ಲಿಗೆ ಹಟ ಕಲಿಸಬಹುದು. ಇಂತಿಂಥ ಕಾಲಂಗಳು ಸೇರಿ ಒಬ್ಬ ಮನುಷ್ಯನ ಗುರುತು, ಅದೇ ಜೋಡಣೆ ಇನ್ನೊಮ್ಮೆ ಬಂದರೆ ಒಳಗೆ ಬಿಡಬೇಡ ಎಂದು ಅಪ್ಪಣೆ ಕೊಡಬಹುದು. ಅದಕ್ಕೆ ಯೂನಿಕ್ ಕೀ ಎನ್ನುತ್ತಾರೆ. ನಾನು ಐದು ಕಾಲಂ ಆರಿಸಿದೆ: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಹುಟ್ಟಿದ ತಾರೀಖು, ಫೋನ್ ನಂಬರ್. ಆಧಾರ್ ನಂಬರ್ ಹಾಕೋಣವೆಂದರೆ ಡಾಕ್ಟರಮ್ಮ ಒಪ್ಪಲಿಲ್ಲ. ಶಿಬಿರಕ್ಕೆ ಬಂದವರಲ್ಲಿ ಅರ್ಧ ಜನ ಕಾರ್ಡು ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ, ಕಾರ್ಡಿಲ್ಲವೆಂದು ಕಣ್ಣು ಕಾಣದವರನ್ನು ತಿರುಗಿ ಕಳಿಸಬಾರದು ಎಂಬುದು ಅವರ ನಿಯಮ. ಒಳ್ಳೆಯ ನಿಯಮವೇ. ಐದು ಕಾಲಂ ಸೇರಿದರೆ ಸಾಕಲ್ಲ, ಐದೂ ಒಂದೇ ಆಗಿರುವ ಇಬ್ಬರು ಮನುಷ್ಯರು ಈ ಭೂಮಿಯ ಮೇಲೆ ಎಲ್ಲಿದ್ದಾರೆ ಎಂದುಕೊಂಡೆ.

ಆದರೂ ಜೋಡಿ ಸಾಲುಗಳು ನುಸುಳುತ್ತಲೇ ಇದ್ದವು. ಕಾರಣ ಹುಡುಕಿದರೆ ಸಿಕ್ಕಿದ್ದು ನಮ್ಮ ಕಡೆಯ ಒಂದು ಪದ್ಧತಿ. ಮನೆದೇವರಿಗೆ ಹರಕೆ ಹೊತ್ತವರು ಒಂದೇ ಮಗುವಿಗೆ ದೇವರ ಹೆಸರಿಟ್ಟು ಸುಮ್ಮನಾಗುವುದಿಲ್ಲ. ಎರಡನೆಯದಕ್ಕೂ ಅದೇ ಹೆಸರು. ಮೊದಲಿನದು ದೊಡ್ಡ, ಎರಡನೆಯದು ಸಣ್ಣ, ಮೂರನೆಯದು ಹುಟ್ಟಿದರೆ ದೊಡ್ಡ, ನಡುವಿನ, ಸಣ್ಣ ಎಂದು ಹಂಚಿಕೊಳ್ಳುತ್ತವೆ. ಈ ದೊಡ್ಡ-ಸಣ್ಣಗಳು ಒಂದು ಪುಸ್ತಕದಲ್ಲಿ ಇರುತ್ತಿದ್ದವು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಕಂಪ್ಲಿಯಲ್ಲಿ ‘ದೊಡ್ಡ’ ಸೇರಿಸಿ ಬರೆಸಿದ ಅಜ್ಜನೇ ಹಂಪಿ ಕಡೆ ಬರೀ ಹೆಸರು ಬರೆಸಿರುತ್ತಿದ್ದ. ಟೇಬಲ್ ಇಬ್ಬರೆಂದು ತಿಳಿಯುತ್ತಿತ್ತು.

ಸರಿ, ಕಸ ಎಂದುಕೊಂಡೆ. ಹೆಸರಿನ ಮುಂದೆ ದೊಡ್ಡ, ಸಣ್ಣ, ನಡುವಿನ ಎಂಬ ಪದ ಬಂದರೆ ಮೊದಲು ಕಿತ್ತುಹಾಕಿ ಆಮೇಲೆ ಹೋಲಿಸು ಎಂದು ಒಂದು ಸಾಲು ಬರೆದೆ.

ಇಲ್ಲಿ ನಾನು ನನ್ನ ಮನೆಯ ಮಾತು ಹೇಳಲೇಬೇಕು, ಇಲ್ಲವಾದರೆ ನನ್ನ ದಡ್ಡತನದ ಪೂರ್ತಿ ಎತ್ತರ ನಿಮಗೆ ತಿಳಿಯುವುದಿಲ್ಲ. ನಾನು ಹುಟ್ಟಿದ್ದು ಮರಿಯಮ್ಮನಹಳ್ಳಿಯಲ್ಲಿ, ಎರಡನೆಯವಳಾಗಿ. ಅಕ್ಕನಿಗೂ ನನಗೂ ಒಂದೇ ದೇವಿಯ ಹೆಸರು. ಅಕ್ಕ ದೊಡ್ಡಾಕಿ, ನಾನು ಸಣ್ಣಾಕಿ. ಅಕ್ಕನ ಲಂಗ ನನಗೆ, ಅಕ್ಕನ ಪುಸ್ತಕ ನನಗೆ, ಅಕ್ಕ ಬೇಡವೆಂದ ಬಳೆ ನನಗೆ, ಹೆಸರೂ ಅಕ್ಕನದೇ ನನಗೆ. ಹತ್ತನೆಯ ಕ್ಲಾಸಿನಲ್ಲಿ ಫಾರಂ ತುಂಬುವಾಗ ಹೆಡ್ಮಾಸ್ತರ ಮುಂದೆ ಅತ್ತು ‘ಸಣ್ಣ’ವನ್ನು ತೆಗೆಸಿಕೊಂಡೆ. ಅಪ್ಪ ರೇಷನ್ ಕಾರ್ಡಿನಲ್ಲೂ ಹಾಗೇ ತಿದ್ದಿಸಿದರು. ಅದರಲ್ಲಿ ಅಕ್ಕನ ಹೆಸರು ಮೊದಲಿಂದ ‘ದೊಡ್ಡ’ ಇಲ್ಲದೆ ಬರೀ ಹೆಸರಾಗಿಯೇ ಇತ್ತು. ಒಂದೇ ಕಾರ್ಡಿನಲ್ಲಿ ಒಂದೇ ಹೆಸರು ಎರಡು ಸಲ ಕಂಡ ಗುಮಾಸ್ತರು, ಯಾರೋ ಕೈತಪ್ಪಿ ಬರೆದಿದ್ದಾರೆಂದು ಕೆಳಗಿನದನ್ನು ಹೊಡೆದುಹಾಕಿದರು. ಕೆಳಗಿನವಳು ನಾನು. ನನ್ನನ್ನು ಮತ್ತೆ ಕುಟುಂಬಕ್ಕೆ ಸೇರಿಸಲು ಅಪ್ಪ ನಾಲ್ಕು ಸಲ ಕಚೇರಿಗೆ ಅಲೆದರು. ಆ ಗುಮಾಸ್ತರನ್ನು ನಾನು ಎಷ್ಟೋ ವರ್ಷ ಬೈದುಕೊಂಡು ತಿರುಗಿದ್ದೇನೆ. ಮುಂದೆ ನಾನೇ ಆ ಗುಮಾಸ್ತಳಾಗುತ್ತೇನೆ, ಅದೂ ಕಂಪ್ಯೂಟರಿನ ವೇಗದಲ್ಲಿ, ಎಂದು ಯಾರಾದರೂ ಹೇಳಿದ್ದರೆ ಅವರನ್ನೂ ಬೈದಿರುತ್ತಿದ್ದೆ.

ಇಷ್ಟಾದರೂ ಪರವಾಗಿರಲಿಲ್ಲ. ಇನ್ನೂ ಒಂದು ಜಾಣತನ ಮಾಡಿದೆ. ಜೋಡಿ ಸಾಲು ಬಂದಾಗ ಟೇಬಲ್ ಕೆಂಪು ಅಕ್ಷರದಲ್ಲಿ ಏನೋ ಒದರುತ್ತಿತ್ತು. ನನ್ನ ಜೊತೆ ಹೆಸರು ತುಂಬುವ ಸಹೋದ್ಯೋಗಿ ಪ್ರತಿ ಸಲವೂ ಬೆಚ್ಚಿಬಿದ್ದು, "ಮೇಡಂ, ಕೆಟ್ಟೋತ್ರಿ, ಕೆಟ್ಟೋತು" ಎಂದು ನನ್ನನ್ನು ಕರೆಯುತ್ತಿದ್ದಳು. ರೇಜಿಗೆ ಹತ್ತಿ, ‘ಈಗಾಗಲೇ ಇದ್ದರೆ ಏನೂ ಮಾಡಬೇಡ, ಏನೂ ಹೇಳಲೂಬೇಡ’ ಎಂದು ಅದರ ಬಾಯಿ ಮುಚ್ಚಿಸಿದೆ. ಅಂದಿನಿಂದ ಎರಡನೆಯ ಸಲ ಬಂದ ಹೆಸರು ಸದ್ದಿಲ್ಲದೆ ಎಲ್ಲೋ ಹೋಗುತ್ತಿತ್ತು. ಎಲ್ಲಿ ಎಂದು ಕೇಳಬೇಡಿ, ನನಗೂ ಗೊತ್ತಿರಲಿಲ್ಲ.

ಪಟ್ಟಿ ಸಣ್ಣದಾಯಿತು. ವ್ಯಾನು ಸುಮ್ಮಸುಮ್ಮನೆ ಯಾರ ಮನೆ ಮುಂದೆಯೂ ನಿಲ್ಲಲಿಲ್ಲ. ಡಾಕ್ಟರಮ್ಮ ಎಲ್ಲರೆದುರು "ಭಾಳ ಛಲೋ ಮಾಡೀರಿ" ಎಂದರು. ನಾನು ಆ ವಾರವೆಲ್ಲ ನೆಲಕ್ಕೆ ಕಾಲು ತಾಗಿಸದೆ ನಡೆದೆ. ಕಂಪ್ಲಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಯೂನಿಕ್ ಕೀ ಎಂದರೇನೆಂದು ಅವಳು ಕೇಳದಿದ್ದರೂ ಅರ್ಧ ಗಂಟೆ ವಿವರಿಸಿದೆ. ಅವಳು ನಡುವೆ ಒಮ್ಮೆ ಹಾಲು ಉಕ್ಕಿತೆಂದು ಫೋನಿಟ್ಟು ಹೋಗಿ ಬಂದಳು. ನಾನು ನಿಲ್ಲಿಸಿರಲಿಲ್ಲ.

ಒಂದು ದಿನ ಬೆಳಗಿನ ಗದ್ದಲದಲ್ಲಿ ಬುಕ್ಕಸಾಗರದಿಂದ ಒಬ್ಬ ಹಿರಿಯರು ಬಂದರು. ತಲೆಗೆ ಟವೆಲ್, ಕೈಯಲ್ಲಿ ನಮ್ಮದೇ ಶಿಬಿರದ ಚೀಟಿ. ಕಂಪ್ಲಿಯ ಶಿಬಿರದಲ್ಲಿ ಹೆಸರು ಬರೆಸಿದ್ದೇನೆ, ಫೋನೇ ಬರಲಿಲ್ಲ ಎಂದರು. ನಾನು ಹೆಸರು ಒತ್ತಿದೆ. ಸಾಲು ಬಂತು. ತಂದೆಯ ಹೆಸರು, ಊರು, ಫೋನ್ ಎಲ್ಲ ಸರಿ.

"ಯಜಮಾನ್ರ, ನಿಮ್ಮ ಆಪರೇಷನ್ ಆಗಿ ಎರಡು ತಿಂಗಳಾತಲ್ರಿ" ಎಂದೆ.

"ಯಾರಿಗ್ರಿ?"

"ನಿಮಗ."

"ನನಗ ಆಗಿಲ್ರೀ ಯವ್ವಾ."

"ಆಗೈತಿ ಅಂತ ಇಲ್ಲಿ ಐತ್ರಿ. ಬೇಕಾದ್ರ ನೋಡ್ರಿ" ಎಂದು ಸ್ಕ್ರೀನನ್ನು ಅವರ ಕಡೆ ತಿರುಗಿಸಿದೆ. ಪೊರೆ ಬಂದ ಕಣ್ಣಿನವರಿಗೆ ಪುರಾವೆಯೆಂದು ಸ್ಕ್ರೀನ್ ತೋರಿಸಿದ ಕಣ್ಣಾಸ್ಪತ್ರೆಯ ಉದ್ಯೋಗಿ ಕರ್ನಾಟಕದಲ್ಲಿ ನಾನೊಬ್ಬಳೇ ಇರಬೇಕು. ಪಾಪ, ಅವರು ಮರ್ಯಾದೆಗೆ ಬಗ್ಗಿ ನೋಡಿದರು.

"ಏನೋ ಬೆಳ್ಳಗ ಕಾಣ್ತೈತ್ರಿ" ಎಂದರು.

"ಹ್ಞಾ, ಅದ" ಎಂದೆ.

ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಒಂದು ತಿಂಗಳಿಗೆ ಮತ್ತೆ ಬಂದರು. ಈ ಸಲ ಊರಿನವರೊಬ್ಬರ ಹೆಗಲು ಹಿಡಿದುಕೊಂಡು ಬಸ್ಸಿಳಿದು ಬಂದಿದ್ದರು. ಮತ್ತೆ ಅದೇ ಚೀಟಿ, ಮತ್ತೆ ಅದೇ ಸಾಲು. ನನಗೆ ಸಿಟ್ಟು ಬಂತು. ಹಿಂದೆ ಸಾಲುಗಟ್ಟಿ ಜನ ನಿಂತಿದ್ದರು.

"ಯಜಮಾನ್ರ, ಎಡಗಣ್ಣು ಆಪರೇಷನ್ ಆಗೈತಿ ನಿಮಗ. ನಾನ ಹೇಳಾಕತ್ತೀನಲ್ಲ?"

"ಎಡಗಣ್ಣು ಹೆಂಗ್ರಿ ಮಾಡ್ತಾರ? ಸಣ್ಣಾಂವಿದ್ದಾಗ ಮುಳ್ಳು ಚುಚ್ಚಿ ಹೋಗೈತ್ರಿ ಅದು. ಇರೋದು ಇದೊಂದ" ಎಂದು ಬಲಗಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದರು. "ನನ್ನ ಕಣ್ಣು ನನಗ ಗೊತ್ತಿಲ್ಲೇನ್ರಿ?"

ತಲೆ ಎತ್ತಿ ಆ ಕಣ್ಣನ್ನು ನೋಡಿದ್ದರೆ ಮುಗಿದುಹೋಗುತ್ತಿತ್ತು. ಬಲಿತ ಪೊರೆ ಯಾರಿಗಾದರೂ ಕಾಣುತ್ತದೆ, ಅದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ. ನಾನು ನೋಡಲಿಲ್ಲ. ನನ್ನ ಟೇಬಲ್ ತಪ್ಪು ಹೇಳುವುದಿಲ್ಲವಲ್ಲ! ಒಂದೇ ಒಂದು ಕಣ್ಣನ್ನು ನಂಬಿಕೊಂಡು ಗದ್ದೆಯ ಬದುವಿನ ಮೇಲೆ ನಡೆಯುವ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು, ನಾನು ಷರಾ ಕಾಲಂನಲ್ಲಿ ಬರೆದೆ: ‘ರೋಗಿಗೆ ಮರೆವು ಇದೆ.’

ಆ ಷರಾ ಎಲ್ಲಿ ಹೋಗಿ ಕೂತಿತೋ, ಅಲ್ಲಿಂದಲೇ ನನ್ನ ಮಾನ ಹೋಯಿತು. ಅದರ ಮುಂದಿನ ತಿಂಗಳು ಆಪರೇಷನ್ ಆದವರು ತೋರಿಸಿಕೊಂಡು ಹೋಗಲು ಬಂದಿದ್ದರು. ಒಳಗಿನ ಕೋಣೆಯಿಂದ ಯಾರೋ ದೊಡ್ಡ ದನಿಯಲ್ಲಿ ಜಗಳ ತೆಗೆದದ್ದು ಕೇಳಿತು. ನರ್ಸಮ್ಮ ನನ್ನ ಷರಾ ಓದಿ, ಒಬ್ಬ ಹಿರಿಯರನ್ನು ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ, ಮಕ್ಕಳೆಷ್ಟು ಎಂದು ಒಂದೊಂದಾಗಿ ಕೇಳಿದ್ದರಂತೆ. ಮೂರನೆಯ ಪ್ರಶ್ನೆಗೆ ಅವರ ತಾಳ್ಮೆ ಹರಿದಿತ್ತು.

"ನನಗ ಹುಚ್ಚು ಹಿಡದೈತೇನ್ರಿ? ಯಾರು ಬರದಾರ ಅದನ್ನ?" ಎನ್ನುತ್ತ ಅವರು ಹೊರಗೆ ಬಂದರು. ಬೆಂಚಿನ ಮೇಲೆ ಕುಳಿತಿದ್ದ ಇನ್ನೊಬ್ಬರ ಕೈಹಿಡಿದು ಎಬ್ಬಿಸಿ, ನನ್ನ ಕೌಂಟರಿಗೆ ತಂದು ನಿಲ್ಲಿಸಿದರು. ಅದೇ ಟವೆಲ್, ಅದೇ ಮೂಗು. ಎರಡನೆಯವರು ನಾನು ಬಲ್ಲ ಯಜಮಾನರೇ.

ನನಗೆ ಇನ್ನೂ ಹೊಳೆಯಲಿಲ್ಲ ನೋಡಿ. ಸ್ಕ್ರೀನ್ ನೋಡಿಕೊಂಡು ಹೆಸರು ಕೂಗಿದೆ.

"ಏನ್ರಿ?" ಎಂದರು ಇಬ್ಬರೂ.

"ನಾ ದೊಡ್ಡಾಂವ, ಇಂವ ಸಣ್ಣಾಂವ" ಎಂದರು ಅಣ್ಣ. "ನನಗ ಮಾಡೀರಿ. ಇವನಿಗೆ ಯಾವಾಗ ಮಾಡ್ತೀರಿ?"

ಹೆಸರು ಒಂದೇ, ತಂದೆ ಒಬ್ಬರೇ, ಊರು ಒಂದೇ. ಮನೆಗೆಲ್ಲ ಇದ್ದದ್ದು ಒಂದೇ ಫೋನು. ಉಳಿದದ್ದು ಹುಟ್ಟಿದ ತಾರೀಖು. ನಮ್ಮ ಕಡೆ ಹಿರಿಯರೆಲ್ಲ ಜನವರಿ ಒಂದರಂದೇ ಹುಟ್ಟಿದವರು, ಸ್ವಲ್ಪ ಶಾಲೆಗೆ ಹೋದವರು ಜೂನ್ ಒಂದರಂದು. ನಾನೂ ಜೂನ್ ಒಂದರವಳೇ, ಹೆಡ್ಮಾಸ್ತರ ಕೃಪೆ. ಈ ಅಣ್ಣತಮ್ಮ ಕಾರ್ಡು ಮಾಡಿಸಲು ಒಟ್ಟಿಗೆ ಹೋಗಿದ್ದರಂತೆ. ವಯಸ್ಸು ಕೇಳಿದಾಗ ಅಣ್ಣ ಏನೋ ಅಂದಾಜು ಹೇಳಿದ್ದಾರೆ, ತಮ್ಮ "ನಂದೂ ಅಷ್ಟ ಬರೀರಿ" ಎಂದಿದ್ದಾರೆ. ಇಬ್ಬರಿಗೂ ಒಂದೇ ಜನವರಿ ಒಂದು, ಒಂದೇ ವರ್ಷ. ಭೂಮಿಯ ಮೇಲೆ ಎಲ್ಲೂ ಇಲ್ಲವೆಂದು ನಾನು ತಿಳಿದಿದ್ದ ಆ ಇಬ್ಬರು ಮನುಷ್ಯರು ನನ್ನ ಕೌಂಟರಿಗೆ ಮೊಣಕೈ ಊರಿ ನಿಂತಿದ್ದರು.

ಗಲಾಟೆ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ತಮ್ಮನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ರೆಪ್ಪೆಯ ಮೇಲೆ ಬೆರಳೊತ್ತಿ ನೋಡಿದರು.

"ಪೊರೆ ಬಲತು ಮೀರೈತಿ. ಕಣ್ಣೊಳಗ ಒತ್ತಡ ಏರೈತಿ. ಎರಡು ತಿಂಗಳ ಮೊದಲ ಯಾಕ ಬರ್ಲಿಲ್ರಿ?" ಎಂದು ಅವರನ್ನೇ ಗದರಿದರು.

ಅವರು ನನ್ನ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದರು. "ಬಂದಿದ್ನಿರಿ" ಎಂದರು, ಅಷ್ಟೇ. ನನ್ನ ಕಡೆ ಬೆರಳು ತೋರಿಸಲಿಲ್ಲ, ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮನಿಗೆ ನಾನೇ ಹೇಳಬೇಕಾಯಿತು.

ಅವರನ್ನು ಆಗಲೇ ಸೇರಿಸಿಕೊಂಡರು. ಒತ್ತಡ ಇಳಿಸಲು ಔಷಧಿ ಕೊಟ್ಟು, ಆಮೇಲೆ ಆಪರೇಷನ್ ಎಂದಾಯಿತು. ನನಗೆ ಡಾಕ್ಟರಮ್ಮ ಬೈಯಲಿಲ್ಲ. "ಇನ್ನೂ ಎಷ್ಟು ಮಂದಿ ಹಿಂಗ ಹೋಗ್ಯಾರ?" ಎಂದು ಮಾತ್ರ ಕೇಳಿದರು. ಬಾಯಿ ಮುಚ್ಚಿಸಿದ ಟೇಬಲ್ ತಾನು ಯಾರನ್ನು ತಳ್ಳಿತೆಂದು ಎಲ್ಲೂ ಬರೆದಿಟ್ಟಿರಲಿಲ್ಲ.

ಹಳೆಯ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿದೆ. ‘ಇನ್ನು ಇವು ಬೇಡ’ ಎಂದು ಅಟ್ಟಕ್ಕೆ ಹಾಕಿಸಿದವಳೂ ನಾನೇ. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ಟೇಬಲ್ಲಿನಲ್ಲಿ ಇದ್ದಾರೋ ಇಲ್ಲವೋ ನೋಡುತ್ತ ಹೋದೆ. ಮೂರು ದಿನ ಹಿಡಿಯಿತು. ಕಂಪ್ಯೂಟರ್ ಮೇಡಂ ಸ್ಕೇಲು, ಪೆನ್ಸಿಲು ಹಿಡಿದು ಕೂತಿದ್ದನ್ನು ನೋಡಲು ಎಲ್ಲ ವಿಭಾಗದವರೂ ಒಂದಲ್ಲ ಒಂದು ನೆಪ ಮಾಡಿಕೊಂಡು ಬಂದು ಹೋದರು. ಬುಕ್ಕಸಾಗರದವರನ್ನು ಬಿಟ್ಟು ಇನ್ನೂ ಆರು ಜನ ಸಿಕ್ಕರು. ಆರೂ ಜನರ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಒಂದೇ ಪದ: ಸಣ್ಣ.

ಒಬ್ಬ ದೊಡ್ಡವರೂ ಇರಲಿಲ್ಲ. ಯಾಕೆಂದು ಯೋಚಿಸಿದರೆ ಸುಲಭ. ಶಿಬಿರಕ್ಕೆ ಅಣ್ಣತಮ್ಮ ಬಂದರೆ ಅಣ್ಣ ಮುಂದೆ ನಿಲ್ಲುತ್ತಾನೆ, ಅಕ್ಕತಂಗಿ ಬಂದರೆ ಅಕ್ಕ ಮುಂದೆ. ಮೊದಲು ಬಂದವರಿಗೆ ಟೇಬಲ್ ಜಾಗ ಕೊಡುತ್ತದೆ, ಹಿಂದಿನವರನ್ನು ನಕಲು ಎನ್ನುತ್ತದೆ. ನಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿತ್ತು, ಕಂಪ್ಯೂಟರ್ ಇಲ್ಲದೆಯೇ.

ಆರು ಜನರ ಮನೆಗೂ ನಾನೇ ಹೋಗುತ್ತೇನೆಂದೆ. ಸಂಡೂರಿನಲ್ಲಿ ಗಣಿ ಕೂಲಿಗೆ ಹೋಗುತ್ತಿದ್ದ ಒಬ್ಬ ಸಣ್ಣಮ್ಮ, ಫೋನ್ ಬಾರದ್ದಕ್ಕೆ ತನ್ನ ಪೊರೆ ತಾನೇ ಕರಗಿರಬೇಕೆಂದು ತಿಳಿದು ಸುಮ್ಮನಿದ್ದರು. ಬಾಗಿಲಲ್ಲಿ ನನ್ನನ್ನು ತಡವಿ ನೋಡಿ, "ನೀ ಯಾರವ್ವಾ?" ಎಂದರು. ಆಸ್ಪತ್ರೆಯಾಕಿ, ಕರಿಯಾಕ ಬಂದೀನಿ ಎಂದೆ. ಅವರಿಗೆ ಆದ ಖುಷಿ ನೋಡಿ ನನಗೆ ಅಲ್ಲಿಂದಲೇ ಓಡಿಹೋಗಬೇಕೆನಿಸಿತು. ಕುಂದ್ರಿಸಿ ಮಂಡಕ್ಕಿ ಕೊಟ್ಟರು. ತಿಂದೆ. ಏನು ಮಾಡಲಿ, ಬೇಡ ಎನ್ನುವ ಯೋಗ್ಯತೆಯೂ ನನಗಿರಲಿಲ್ಲ.

ಕಂಪ್ಲಿಗೆ ಹೋದ ದಿನ ಅಕ್ಕನ ಮನೆಯಲ್ಲಿ ಊಟ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಈ ಸಲ ಅವಳು ಹಾಲು ನೋಡಲು ಏಳಲಿಲ್ಲ.

"ನಾ ಅವತ್ತ ಹೇಳಿದ್ನಲ್ಲಲೇ" ಎಂದಳು. "ಸಣ್ಣ ತೆಗದ್ರ ನೀನೂ ನಾನ ಆಗ್ತಿ, ನಿನ್ನ ಯಾರು ಎಣಸ್ತಾರ ಅಂತ."

ಟೇಬಲ್ಲನ್ನು ಬದಲಾಯಿಸಿದೆ. ಶಿಬಿರದಲ್ಲಿ ಪ್ರತಿಯೊಬ್ಬರಿಗೂ ಅವರದೇ ಒಂದು ನಂಬರು, ಚೀಟಿಯಲ್ಲೂ ಅದೇ, ಟೇಬಲ್ಲಿನಲ್ಲೂ ಅದೇ. ದೊಡ್ಡ, ಸಣ್ಣ, ನಡುವಿನ ಎಂಬುದಕ್ಕೆ ಬೇರೆ ಕಾಲಂ, ಖಾಲಿ ಬಿಡುವಂತಿಲ್ಲ. ಐದು ಕಾಲಂ ಹೊಂದಿದರೆ ಟೇಬಲ್ ಈಗ ಯಾರನ್ನೂ ತಳ್ಳುವುದಿಲ್ಲ. ಇಬ್ಬರನ್ನೂ ಅಕ್ಕಪಕ್ಕ ತೋರಿಸಿ, ವಿಚಾರಿಸಿ ಎಂದು ಕೂಗುತ್ತದೆ. ನನ್ನ ಸಹೋದ್ಯೋಗಿ ಮತ್ತೆ ಬೆಚ್ಚಿಬೀಳಲು ಶುರು ಮಾಡಿದ್ದಾಳೆ, ನಾನು ಪ್ರತಿ ಸಲವೂ ಎದ್ದು ಹೋಗಿ ರೋಗಿಯ ಮುಖ ನೋಡಿ, "ನಿಮ್ಮ ಹೆಸರಿನವರು ಮನ್ಯಾಗ ಇನ್ನ ಯಾರದಾರ್ರಿ?" ಎಂದು ಕೇಳುತ್ತೇನೆ.

ಬುಕ್ಕಸಾಗರದವರ ಕಣ್ಣಿನ ಪಟ್ಟಿ ಬಿಚ್ಚುವ ದಿನ ನಾನೂ ವಾರ್ಡಿಗೆ ಹೋದೆ. ಡಾಕ್ಟರಮ್ಮ ಎದುರಿಗೆ ಬೆರಳು ತೋರಿಸಿದರು. ಮೂರು, ಎರಡು, ಐದು ಎಂದು ಸರಿಯಾಗಿ ಎಣಿಸಿದರು. ನನಗೆ ಉಸಿರು ಬಂತು. ಆಮೇಲೆ ಡಾಕ್ಟರಮ್ಮ ಕೈಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು.

"ಈಗ?"

"ನೆಟ್ಟಗ ಕಾಣ್ತೈತ್ರಿ. ಬಾಜೂಕ ಏನೂ ಇಲ್ರಿ" ಎಂದರು.

ಒತ್ತಡದಿಂದ ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರಮ್ಮ ಅವರಿಗೆ ತಿಳಿಯುವಂತೆ ಹೇಳಿ, ಮುಂದಿನ ಹಾಸಿಗೆಗೆ ಹೋದರು. ನಾನು ಅಲ್ಲೇ ನಿಂತೆ. ಎರಡು ಸಲ ನಿಮ್ಮನ್ನು ತಿರುಗಿ ಕಳಿಸಿದವಳು ನಾನೇ, ತಪ್ಪು ನನ್ನದು ಎಂದು ಹೇಳಿದೆ. ಅವರು ತಲೆಯಾಡಿಸಿದರು.

"ಅಡ್ಡಾಡಾಕ ಸಾಕು ಬಿಡವ್ವ. ಬದುವಿನ ಮ್ಯಾಲೆ ತಿರುಗಿ ತಿರುಗಿ ನೋಡಿಕೋಂತ ಹೋಗ್ತೀನಿ" ಎಂದರು. ಆಮೇಲೆ "ನಿನ್ನ ಹೆಸರೇನವ್ವ?" ಎಂದು ಕೇಳಿದರು.

ಸರ್ಟಿಫಿಕೇಟಿನಲ್ಲಿ ಇರುವ ಹೆಸರನ್ನು ಹೇಳಿದೆ.

"ದೇವಿ ಹೆಸರು. ಆ ದೇವಿಗೆ ನಡಕೊಳ್ಳೋರು ಒಬ್ಬಾಕಿಗೆ ಇಟ್ಟು ಬಿಡಂಗಿಲ್ಲ. ನೀ ದೊಡ್ಡಾಕೀನೋ, ಸಣ್ಣಾಕೀನೋ?"

ಹತ್ತನೆಯ ಕ್ಲಾಸಿನ ನಂತರ ಹೊರಗಿನವರ ಎದುರು ನಾನು ಆ ಪದವನ್ನು ಬಾಯಿಂದ ಆಡಿರಲಿಲ್ಲ.

"ಸಣ್ಣಾಕಿ" ಎಂದೆ.

ನಾನು ನಿಂತದ್ದು ಅವರ ಪಕ್ಕಕ್ಕೆ. ಅಲ್ಲಿ ಅವರಿಗೆ ಏನೂ ಕಾಣದು. ಕುತ್ತಿಗೆ ಪೂರ್ತಿ ತಿರುಗಿಸಿ, ನನ್ನ ಮುಖ ಸಿಗುವ ತನಕ ಹುಡುಕಿ, ಮೊದಲ ಸಲ ನನ್ನನ್ನು ನೋಡಿದರು.

"ಹಂಗಾರ ನಿನಗ ಗೊತ್ತಿತ್ತಲ್ಲವ್ವ" ಎಂದರು.

ಗೊತ್ತಿತ್ತು.